ಮಗುವಿನ ಎಲುಬಿನ ಕ್ಯಾನ್ಸರ್ ಮತ್ತು ನಮ್ಮ ಮೂವತ್ತು ದಿನದ ರಜೆ

ಕುವೈತ್‌ನಲ್ಲಿ ದುಡಿಯುವ ನಮಗೆ ಊರಿನ ಮಕ್ಕಳ ಆರೋಗ್ಯ ಅಂದರೆ ಫೋನಿನಲ್ಲಿ ಕೇಳುವ ಮಾತು. ಜ್ವರ ಬಂದಿತ್ತು, ಬಿಟ್ಟಿತು. ಹಲ್ಲು ಬಿತ್ತು. ಆಡುವಾಗ ಬಿದ್ದ, ಮೊಣಕಾಲು ಸ್ವಲ್ಪ ಊದಿದೆ, ಎಣ್ಣೆ ತಿಕ್ಕಿದ್ದೇವೆ. ಸಂಬಳ, ಸಾಲ, ಮನೆಯ ಸ್ಲ್ಯಾಬ್ ಕೆಲಸದ ನಡುವೆ ಈ ಕೊನೆಯ ಸುದ್ದಿ ಅರ್ಧ ನಿಮಿಷದಲ್ಲಿ ದಾಟಿ ಹೋಗುತ್ತದೆ. ಬಹುಪಾಲು ಸಲ ಅದು ದಾಟಿ ಹೋಗಬೇಕಾದ ಸುದ್ದಿಯೇ. ದಾಟಿ ಹೋಗಲು ಬಿಡಬಾರದ ಅಪರೂಪದ ಸಲದ ಬಗ್ಗೆ ಇಲ್ಲಿ ಬರೆಯುತ್ತಿದ್ದೇವೆ.

ಮಕ್ಕಳಿಗೆ ಎಲುಬಿನ ಕ್ಯಾನ್ಸರ್ ಬರುತ್ತದೆ ಎನ್ನುವುದೇ ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಿರುವವರು ಅದನ್ನು ಮರಣದ ಇನ್ನೊಂದು ಹೆಸರು ಅಂದುಕೊಂಡಿದ್ದಾರೆ. ಇದು ಈಗ ನಿಜವಲ್ಲ. ರೋಗ ಹುಟ್ಟಿದ ಜಾಗದಿಂದ ಬೇರೆ ಕಡೆಗೆ ಹರಡುವ ಮೊದಲೇ ಹಿಡಿದು, ಚಿಕಿತ್ಸೆಯನ್ನು ಕೊನೆಯವರೆಗೆ ಮುಗಿಸಿದರೆ, ಮೂವರು ಮಕ್ಕಳಲ್ಲಿ ಸುಮಾರು ಇಬ್ಬರು ಬದುಕುತ್ತಾರೆ. ಬದುಕುವುದಷ್ಟೇ ಅಲ್ಲ, ಹೆಚ್ಚಿನವರು ತಮ್ಮ ಕಾಲನ್ನೂ ಉಳಿಸಿಕೊಳ್ಳುತ್ತಾರೆ. ಆದರೆ ಈ ಮಾತಿನಲ್ಲಿ ಎರಡು ಷರತ್ತುಗಳಿವೆ ನೋಡಿ: ಬೇಗ ಹಿಡಿಯಬೇಕು, ಕೊನೆಯವರೆಗೆ ಮುಗಿಸಬೇಕು. ಎರಡೂ ಲ್ಯಾಬಿನಲ್ಲಿ ತಯಾರಾಗುವ ವಸ್ತುಗಳಲ್ಲ. ಅವು ಮನೆ, ಹಣ, ರಜೆ, ಬಾಡಿಗೆ ಕೋಣೆ, ಬಸ್ ಟಿಕೆಟಿನ ವಿಷಯಗಳು. ಅಂದರೆ ನಮ್ಮಂಥ ಸಂಘಗಳ ವಿಷಯ.

ಮೊದಲು ರೋಗದ ಬಗ್ಗೆ ಎರಡು ಮಾತು. ಮಕ್ಕಳಲ್ಲಿ ಮುಖ್ಯವಾಗಿ ಕಾಣುವುದು ಎರಡು ಬಗೆ. ಒಂದು ಆಸ್ಟಿಯೋಸಾರ್ಕೋಮಾ. ಮಕ್ಕಳು ಸರಸರನೆ ಎತ್ತರ ಬೆಳೆಯುವ ಹತ್ತರಿಂದ ಇಪ್ಪತ್ತರ ವಯಸ್ಸಿನಲ್ಲಿ ಇದು ಹೆಚ್ಚು. ಅರ್ಧಕ್ಕಿಂತ ಹೆಚ್ಚು ಸಲ ಮೊಣಕಾಲಿನ ಹತ್ತಿರ, ತೊಡೆ ಎಲುಬಿನ ಕೆಳತುದಿ ಅಥವಾ ಕಾಲೆಲುಬಿನ ಮೇಲ್ತುದಿಯಲ್ಲಿ ಬರುತ್ತದೆ. ಕೆಲವೊಮ್ಮೆ ಭುಜದ ಹತ್ತಿರ. ಇನ್ನೊಂದು ಯೂವಿಂಗ್ ಸಾರ್ಕೋಮಾ. 1921ರಲ್ಲಿ ಇದನ್ನು ವಿವರಿಸಿದ ಅಮೆರಿಕದ ಜೇಮ್ಸ್ ಯೂವಿಂಗ್ ಎಂಬ ವೈದ್ಯರ ಹೆಸರು ಇದಕ್ಕೆ ಅಂಟಿಕೊಂಡಿದೆ. ಇದು ಸೊಂಟದ ಎಲುಬು, ಪಕ್ಕೆಲುಬು, ತೊಡೆಯ ನಡುಭಾಗ, ಎಲ್ಲೂ ಬರಬಹುದು. ಕೆಲವೊಮ್ಮೆ ಜ್ವರವೂ ಇರುವುದರಿಂದ ಕೀವಾಗಿದೆ ಎಂದು ತಿಳಿದು ವಾರಗಟ್ಟಲೆ ಆಂಟಿಬಯೋಟಿಕ್ ಕೊಡುವುದುಂಟು.

ಎರಡೂ ಅಪರೂಪ. ಆಸ್ಟಿಯೋಸಾರ್ಕೋಮಾ ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ನಾಲ್ಕೈದು ಜನರಿಗೆ. ಆದ್ದರಿಂದ ಹೆದರಿಕೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಅಪರೂಪ ಆಗಿರುವುದೇ ಇದರ ಅಪಾಯ. ಊರಿನ ಕ್ಲಿನಿಕ್ಕಿನ ಡಾಕ್ಟರ್ ತಮ್ಮ ಇಡೀ ವೃತ್ತಿಯಲ್ಲಿ ಇಂತಹ ಒಂದು ಮಗುವನ್ನು ನೋಡಿರಬಹುದು, ನೋಡದೆಯೂ ಇರಬಹುದು. ಅವರಿಗೆ ನೆನಪಾಗದಿದ್ದರೆ ಅವರನ್ನು ಬೈಯುವುದು ಸುಲಭ. ಅದಕ್ಕಿಂತ, ನೋವಿನ ಚರಿತ್ರೆಯನ್ನು ಮನೆಯವರು ಸರಿಯಾಗಿ ಹೇಳುವುದು ಉಪಯೋಗ.

ಯಾವ ನೋವನ್ನು ಬಿಡಬಾರದು? ಒಂದೇ ಕಾಲಲ್ಲಿ ಅಥವಾ ಒಂದೇ ಕೈಯಲ್ಲಿ, ಒಂದೇ ಜಾಗದಲ್ಲಿ ಇರುವ ನೋವು. ವಾರದಿಂದ ವಾರಕ್ಕೆ ಹೆಚ್ಚುವ ನೋವು. ಸುಮ್ಮನೆ ಮಲಗಿದಾಗಲೂ ಬರುವ, ರಾತ್ರಿ ಮಗುವನ್ನು ಎಬ್ಬಿಸುವ ನೋವು. ಎಲುಬಿನ ಮೇಲೆ ಗಟ್ಟಿಯಾದ ಊತ. ಕಾರಣವಿಲ್ಲದೆ ಕುಂಟುವುದು. ಸಣ್ಣದಾಗಿ ಎಡವಿದ್ದಕ್ಕೇ ಎಲುಬು ಮುರಿಯುವುದು. ಹೆಣ್ಣುಮಕ್ಕಳು ಗಂಡುಮಕ್ಕಳು ಎನ್ನದೆ ಎಲ್ಲರಿಗೂ ಬರುವ 'ಬೆಳೆಯುವ ನೋವು' ಬೇರೆ: ಅದು ಸಾಮಾನ್ಯವಾಗಿ ಎರಡೂ ಕಾಲಲ್ಲಿ, ಸಂಜೆಯೋ ರಾತ್ರಿಯೋ ಬಂದು, ಬೆಳಿಗ್ಗೆ ಮಗು ಎದ್ದು ಓಡುವಷ್ಟರಲ್ಲಿ ಮಾಯವಾಗಿರುತ್ತದೆ. ಊತ ಇರುವುದಿಲ್ಲ. ಎರಡು-ಮೂರು ವಾರ ಕಳೆದರೂ ಒಂದೇ ಜಾಗದ ನೋವು ಹೋಗದಿದ್ದರೆ ಎಕ್ಸ್‌ರೇ ತೆಗೆಸಬೇಕು. ಎಕ್ಸ್‌ರೇ ಅಂದರೆ ಕೆಲವು ನೂರು ರೂಪಾಯಿ, ನಮ್ಮ ಒಂದೆರಡು ದಿನಾರಿನ ಲೆಕ್ಕ.

ಇಲ್ಲಿ ಎಣ್ಣೆ ತಿಕ್ಕುವ ವಿಷಯ ಹೇಳಲೇಬೇಕು. ನಮ್ಮ ಕರಾವಳಿಯಲ್ಲಿ ಉಳುಕು ತೆಗೆಯುವವರು, ಎಲುಬು ಕಟ್ಟುವವರು ಪ್ರತಿ ಊರಿನಲ್ಲೂ ಇದ್ದಾರೆ. ಸಾದಾ ಉಳುಕಿಗೆ ಅವರಿಂದ ಗುಣ ಕಂಡವರೂ ಇದ್ದಾರೆ, ಅದನ್ನು ತೆಗೆದುಹಾಕಲು ಹೊರಟಿಲ್ಲ. ಆದರೆ ಏನೆಂದು ಗೊತ್ತಿಲ್ಲದ ಗಡ್ಡೆಯ ಮೇಲೆ ಬಲವಾಗಿ ತಿಕ್ಕುವುದು, ಎಳೆಯುವುದು, ಬಿಗಿದು ಕಟ್ಟುವುದು ಅಪಾಯದ ಕೆಲಸ. ಒಳಗೆ ಕ್ಯಾನ್ಸರ್ ಇದ್ದರೆ ಸುತ್ತಲಿನ ಮಾಂಸ ಕೆಡುತ್ತದೆ, ಎಲುಬು ಮುರಿಯಬಹುದು, ಕಾಲು ಉಳಿಸುವ ಆಪರೇಷನ್ ಕಷ್ಟವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ತಿಂಗಳುಗಳು ಹೋಗುತ್ತವೆ. ಮೊದಲು ಎಕ್ಸ್‌ರೇ ಆಗಲಿ, ಎಲುಬು ಸರಿಯಿದೆ ಎಂದು ಗೊತ್ತಾದ ಮೇಲೆ ಎಣ್ಣೆ ಯಾವುದು ಬೇಕಾದರೂ ಹಚ್ಚಿ.

'ಆಟ ಆಡುವಾಗ ಬಿದ್ದ' ಎನ್ನುವ ಮಾತೂ ದಾರಿ ತಪ್ಪಿಸುತ್ತದೆ. ಕೆನಡಾದ ಟೆರ್ರಿ ಫಾಕ್ಸ್ ಕಥೆ ಹಲವರಿಗೆ ಗೊತ್ತಿರಬಹುದು. 1976ರ ಕೊನೆಯಲ್ಲಿ ಅವನ ಕಾರು ಅಪಘಾತವಾಯಿತು, ಮೊಣಕಾಲು ನೋಯತೊಡಗಿತು. ಅಪಘಾತದ ನೋವು ಎಂದುಕೊಂಡು ಬಾಸ್ಕೆಟ್‌ಬಾಲ್ ಸೀಸನ್ ಮುಗಿಯುವವರೆಗೆ ತಡೆದುಕೊಂಡ. 1977ರ ಮಾರ್ಚಿನಲ್ಲಿ ಆಸ್ಪತ್ರೆಗೆ ಹೋದಾಗ ಆಸ್ಟಿಯೋಸಾರ್ಕೋಮಾ ಎಂದು ಗೊತ್ತಾಯಿತು. ಬಲಗಾಲು ತೆಗೆದರು. ಆಗ ಅವನಿಗೆ 18 ವರ್ಷ. ಪೆಟ್ಟಿನಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ಮೊದಲೇ ಇದ್ದದ್ದರ ಮೇಲೆ ಪೆಟ್ಟು ಬಿದ್ದು ಅದು ಗಮನಕ್ಕೆ ಬರುತ್ತದೆ ಅಷ್ಟೆ. ಬಿದ್ದ ನೋವಾದರೆ ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಾ ಹೋದರೆ ಅದು ಬಿದ್ದ ನೋವಲ್ಲ.

ಇನ್ನೊಂದು ವಿಷಯ, ಮಗುವಿನ ಉಮ್ಮನ ಮೇಲೆ ಹೊರಿಸುವ ತಪ್ಪು. ಬ್ರಾಯ್ಲರ್ ಕೋಳಿ ತಿನ್ನಿಸಿದ್ದಕ್ಕೆ, ಮೊಬೈಲ್ ಕೊಟ್ಟದ್ದಕ್ಕೆ, ಹೊಟ್ಟೆಯಲ್ಲಿದ್ದಾಗ ಏನೋ ತಿಂದದ್ದಕ್ಕೆ, ಯಾರದೋ ಕಣ್ಣು ಬಿದ್ದದ್ದಕ್ಕೆ! ಬಾಪ ದೂರದಲ್ಲಿದ್ದಾಗ ಮಗುವಿಗೆ ಏನಾದರೂ ಆದರೆ ಮನೆಯಲ್ಲಿದ್ದವಳೇ ಕಟಕಟೆಯಲ್ಲಿ ನಿಲ್ಲಬೇಕು. ಕೆನಡಾದಲ್ಲಿ ಸಿಕ್ಕಿದ ಸುಮಾರು 7 ಕೋಟಿ 60 ಲಕ್ಷ ವರ್ಷ ಹಳೆಯ ಡೈನೋಸಾರ್ ಒಂದರ ಕಾಲೆಲುಬನ್ನು ಪರೀಕ್ಷಿಸಿ, ಅದರಲ್ಲಿ ಆಸ್ಟಿಯೋಸಾರ್ಕೋಮಾ ಇದೆ ಎಂದು ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಆ ಡೈನೋಸಾರಿಗೆ ಮೊಬೈಲ್ ಕೊಟ್ಟವರು ಯಾರು? ಕೆಲವು ಕುಟುಂಬಗಳಲ್ಲಿ ವಂಶದಿಂದ ಬರುವ ದೋಷ, ಹಿಂದೆ ಬೇರೆ ಕ್ಯಾನ್ಸರಿಗೆ ಕೊಟ್ಟ ರೇಡಿಯೇಷನ್, ಇಂಥ ಕೆಲವು ಕಾರಣಗಳು ಗೊತ್ತಿವೆ. ಹೆಚ್ಚಿನ ಮಕ್ಕಳಲ್ಲಿ ಯಾವ ಕಾರಣವೂ ಇಲ್ಲ. ಬೆಳೆಯುವ ಎಲುಬಿನ ಕೋಶ ದಾರಿ ತಪ್ಪಿದೆ, ಅಷ್ಟೆ. ಉಮ್ಮನನ್ನು ಬಿಟ್ಟುಬಿಡಿ. ಮುಂದಿನ ಒಂಬತ್ತು ತಿಂಗಳು ಆಸ್ಪತ್ರೆಯಲ್ಲಿ ಕೂರಬೇಕಾದವಳು ಅವಳೇ.

ಈಗ ಚಿಕಿತ್ಸೆ ಎಲ್ಲಿಗೆ ಬಂದಿದೆ ನೋಡೋಣ. 1970ಕ್ಕೆ ಮೊದಲು ಇದ್ದದ್ದು ಒಂದೇ ದಾರಿ, ಕಾಲು ಕತ್ತರಿಸುವುದು. ಕತ್ತರಿಸಿದರೂ ಐವರಲ್ಲಿ ಒಬ್ಬ ಬದುಕಿದರೆ ಹೆಚ್ಚು. ಯಾಕೆಂದರೆ ರೋಗ ತಿಳಿಯುವ ಹೊತ್ತಿಗೆ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶಕ್ಕೆ ಹೋಗಿಯಾಗಿರುತ್ತಿದ್ದವು. 1970ರ ದಶಕದಲ್ಲಿ ಮೆಥೋಟ್ರೆಕ್ಸೇಟ್, ಡಾಕ್ಸೋರುಬಿಸಿನ್, ಸಿಸ್‌ಪ್ಲಾಟಿನ್ ಎಂಬ ಔಷಧಿಗಳು ಒಂದೊಂದಾಗಿ ಬಂದವು. ನಾವೆಲ್ಲ ಕೀಮೋ ಎನ್ನುತ್ತೇವಲ್ಲ, ಅದೇ. ಟೆರ್ರಿ ಫಾಕ್ಸ್‌ಗೆ ಡಾಕ್ಟರುಗಳು ಹೇಳಿದ್ದು ಬದುಕುವ ಸಾಧ್ಯತೆ ಶೇ. 50 ಎಂದು. ಎರಡೇ ವರ್ಷ ಮೊದಲು ಬಂದಿದ್ದರೆ ಅದು ಶೇ. 15. ಸಂಶೋಧನೆಗೆ ಖರ್ಚು ಮಾಡಿದ ಹಣ ಏನು ಮಾಡುತ್ತದೆ ಎಂದು ಅವನಿಗೆ ಅರ್ಥವಾದದ್ದು ಹಾಗೆ. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿ ಹಣ ಕೂಡಿಸಿದ. ರೋಗ ಶ್ವಾಸಕೋಶಕ್ಕೆ ಬಂದು 1981ರ ಜೂನಿನಲ್ಲಿ ತೀರಿಕೊಂಡ. ಅವನ ಹೆಸರಿನ ಓಟ ಈಗಲೂ ನಡೆಯುತ್ತಿದೆ.

ಆಮೇಲೆ ಏನಾಯಿತು? ಇಲ್ಲಿ ಸತ್ಯ ಹೇಳಬೇಕು. ಆಸ್ಟಿಯೋಸಾರ್ಕೋಮಾಕ್ಕೆ ಇವತ್ತಿಗೂ ಮೂಲ ಔಷಧಿ ಅದೇ ಮೂರು. 40 ವರ್ಷ ಆಯಿತು. ಇನ್ನೂ ಹೆಚ್ಚು ಔಷಧಿ ಸೇರಿಸಿದರೆ ಗುಣವಾಗುವವರು ಹೆಚ್ಚುತ್ತಾರಾ ಎಂದು 17 ದೇಶಗಳು ಸೇರಿ ಯೂರಾಮೋಸ್ ಎಂಬ ದೊಡ್ಡ ಪ್ರಯೋಗ ಮಾಡಿದವು. 2016ರಲ್ಲಿ ಬಂದ ಫಲಿತಾಂಶ: ಹೆಚ್ಚಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು. ಯೂವಿಂಗ್ ಸಾರ್ಕೋಮಾದ ಮೂಲದಲ್ಲಿ ಎರಡು ಜೀನುಗಳು ಮುರಿದು ಒಂದಕ್ಕೊಂದು ಅಂಟಿಕೊಂಡಿವೆ ಎಂದು 1992ರಲ್ಲೇ ಪತ್ತೆಯಾಗಿದೆ, ಅದನ್ನೇ ಗುರಿಯಿಟ್ಟು ಹೊಡೆಯುವ ಔಷಧಿ ಇನ್ನೂ ಪ್ರಯೋಗದ ಹಂತದಲ್ಲಿದೆ. ಮರುಕಳಿಸಿದ ರೋಗಕ್ಕೆ ರೆಗೊರಾಫೆನಿಬ್, ಕ್ಯಾಬೊಜಾಂಟಿನಿಬ್‌ನಂಥ ಮಾತ್ರೆಗಳು ಬಂದಿವೆ. ಅವು ರೋಗವನ್ನು ಕೆಲವು ತಿಂಗಳು ತಡೆಯುತ್ತವೆ, ಬೇರು ಕೀಳುವುದಿಲ್ಲ. ಬೇರೆ ಕ್ಯಾನ್ಸರುಗಳಲ್ಲಿ ಹೆಸರು ಮಾಡಿದ ಇಮ್ಯುನೋಥೆರಪಿ ಇಲ್ಲಿ ಅಷ್ಟಾಗಿ ಫಲ ಕೊಟ್ಟಿಲ್ಲ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. 'ಹೊಸ ಮದ್ದು ಬಂದಿದೆ, ವಿದೇಶದಲ್ಲಿ ಇದೆ, ಮೂವತ್ತು ಲಕ್ಷ ಆಗುತ್ತದೆ' ಎಂದು ಯಾರಾದರೂ ಹೇಳಿದಾಗ ಕಟ್ಟುತ್ತಿರುವ ಮನೆ ಮಾರುವ ಮೊದಲು ನಮ್ಮವರು ಒಂದು ನಿಮಿಷ ನಿಲ್ಲಬೇಕು. ಮೊದಲ ಸಲದ ಚಿಕಿತ್ಸೆಗೆ ಬೇಕಾದ ಔಷಧಿಗಳು ಹಳೆಯವು, ಪೇಟೆಂಟ್ ಮುಗಿದವು, ಭಾರತದಲ್ಲೇ ತಯಾರಾಗುವಂಥವು. ಮುಂಬೈಯ ಟಾಟಾ ಮೆಮೋರಿಯಲ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೆಥೋಟ್ರೆಕ್ಸೇಟನ್ನು ಭಾರೀ ಪ್ರಮಾಣದಲ್ಲಿ ಕೊಡುವಾಗ ರಕ್ತದಲ್ಲಿ ಅದರ ಮಟ್ಟವನ್ನು ಮತ್ತೆ ಮತ್ತೆ ಅಳೆಯಬೇಕು, ಆ ಸೌಲಭ್ಯ ಎಲ್ಲ ಕಡೆ ಇಲ್ಲ. ಆದ್ದರಿಂದ ಅದನ್ನು ಬಿಟ್ಟು ಉಳಿದ ಎರಡರ ಜೊತೆ ಐಫಾಸ್ಫಮೈಡ್ ಸೇರಿಸಿದ ಕ್ರಮವೊಂದನ್ನು ರೂಪಿಸಿ, ಅದರ ಫಲಿತಾಂಶ ಹೊರದೇಶಗಳದ್ದಕ್ಕೆ ಸರಿಗಟ್ಟುವಂತಿದೆ ಎಂದು ತೋರಿಸಿದ್ದಾರೆ. ನಮ್ಮ ಪಾಲಿಗೆ ಇದೇ ದೊಡ್ಡ ಸಂಶೋಧನೆ.

ಯೂವಿಂಗ್ ಸಾರ್ಕೋಮಾದಲ್ಲಿ ಆದ ಒಂದು ಮುನ್ನಡೆಯಂತೂ ನಮ್ಮಂಥವರು ಬಾಯಿಪಾಠ ಮಾಡಬೇಕಾದದ್ದು. ಅಮೆರಿಕದಲ್ಲಿ 568 ರೋಗಿಗಳನ್ನು ಎರಡು ಗುಂಪು ಮಾಡಿದರು. ಔಷಧಿ ಅದೇ, ಪ್ರಮಾಣ ಅದೇ. ಒಂದು ಗುಂಪಿಗೆ ಮೂರು ವಾರಕ್ಕೊಮ್ಮೆ, ಇನ್ನೊಂದಕ್ಕೆ ಎರಡು ವಾರಕ್ಕೊಮ್ಮೆ. ಐದು ವರ್ಷದ ನಂತರ ರೋಗವಿಲ್ಲದೆ ಇದ್ದವರು ಮೊದಲ ಗುಂಪಿನಲ್ಲಿ ಶೇ. 65, ಎರಡನೆಯದರಲ್ಲಿ ಶೇ. 73. ಇದು 2012ರಲ್ಲಿ ಪ್ರಕಟವಾಯಿತು. ಒಂದು ಹೊಸ ಮಾತ್ರೆಯೂ ಇಲ್ಲದೆ, ಬರೀ ಒಂದು ವಾರ ಬೇಗ ಕೊಟ್ಟದ್ದಕ್ಕೆ, ನೂರರಲ್ಲಿ ಎಂಟು ಮಕ್ಕಳು ಹೆಚ್ಚು! ಹಾಗಾದರೆ 'ಈ ತಿಂಗಳು ಹಣ ಬಂದಿಲ್ಲ, ಮುಂದಿನ ವಾರ ಹೋಗೋಣ', 'ತಂಗಿಯ ಮದುವೆ ಮುಗಿಯಲಿ' ಎಂದು ಒಂದು ಕೀಮೋವನ್ನು ಮುಂದೂಡಿದರೆ ಏನಾಗುತ್ತದೆ ಎಂದು ಯೋಚಿಸಿ. ಸಂಬಳ ತಡವಾಗಿ ಕೊಡುವ ಕಂಪೆನಿಗಳಲ್ಲಿ ದುಡಿಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಸಂಬಳ ತಡವಾದರೂ ಕೀಮೋ ತಡವಾಗದಂತೆ ನೋಡಿಕೊಳ್ಳಲು ಒಂದು ಜನಬೆಂಬಲ ಬೇಕು.

ಆಪರೇಷನ್ ವಿಷಯದಲ್ಲಿ ಮಾತ್ರ ಮುನ್ನಡೆ ಕಣ್ಣಿಗೆ ಕಾಣುವಷ್ಟು ಆಗಿದೆ. ಮೊದಲು ಎರಡು-ಮೂರು ತಿಂಗಳು ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ. ಒಟ್ಟು ಏಳರಿಂದ ಒಂಬತ್ತು ತಿಂಗಳು, ಯೂವಿಂಗ್ ಆದರೆ ಒಂದು ವರ್ಷದವರೆಗೂ. ಹತ್ತರಲ್ಲಿ ಎಂಟು-ಒಂಬತ್ತು ಮಕ್ಕಳಿಗೆ ಈಗ ಕಾಲು ಉಳಿಸಬಹುದು. ರೋಗದ ಎಲುಬಿನ ಭಾಗ ತೆಗೆದು ಲೋಹದ ಎಲುಬು, ಲೋಹದ ಮೊಣಕಾಲು ಕೂರಿಸುತ್ತಾರೆ. ಇನ್ನೂ ಬೆಳೆಯುವ ಮಗುವಾದರೆ ಹೊರಗಿನಿಂದ ಅಯಸ್ಕಾಂತದ ಶಕ್ತಿಯಲ್ಲಿ ಉದ್ದ ಮಾಡಬಹುದಾದ ಇಂಪ್ಲಾಂಟುಗಳೂ ಇವೆ, ಅವು ತುಂಬಾ ದುಬಾರಿ. ಭಾರತದಲ್ಲಿ ತಯಾರಾದ ಸಾದಾ ಇಂಪ್ಲಾಂಟ್ ಆಮದಿನದ್ದಕ್ಕಿಂತ ಎಷ್ಟೋ ಅಗ್ಗ. ಕೆಲವು ಸಲ ಲೋಹವೂ ಬೇಡ: ಮಗುವಿನದೇ ಎಲುಬನ್ನು ಹೊರತೆಗೆದು, ಭಾರೀ ಪ್ರಮಾಣದ ರೇಡಿಯೇಷನ್ ಕೊಟ್ಟು ಕ್ಯಾನ್ಸರ್ ಕೋಶಗಳನ್ನೆಲ್ಲ ಸಾಯಿಸಿ, ಅದೇ ಎಲುಬನ್ನು ಅದೇ ಜಾಗದಲ್ಲಿ ಪ್ಲೇಟು ಹಾಕಿ ಕೂರಿಸುತ್ತಾರೆ. ಮುಂಬೈಯಲ್ಲಿ ಇದನ್ನು ವರ್ಷಗಳಿಂದ ಮಾಡುತ್ತಿದ್ದಾರೆ.

ಆದರೆ ಕೆಲವು ಮಕ್ಕಳಿಗೆ ಕಾಲು ತೆಗೆಯಲೇಬೇಕಾಗುತ್ತದೆ. ಗಡ್ಡೆ ನರ-ರಕ್ತನಾಳಗಳನ್ನು ಸುತ್ತಿಕೊಂಡಿದ್ದರೆ, ಅಥವಾ ತಡವಾಗಿ ಬಂದಿದ್ದರೆ. ಈ ಮಾತು ಕೇಳಿದ ದಿನವೇ ಮಗುವನ್ನು ಮನೆಗೆ ಕರೆದುಕೊಂಡು ಹೋಗಿಬಿಡುವವರು ಎಲ್ಲ ಬಡ ದೇಶಗಳಲ್ಲಿ ಇದ್ದಾರೆ, ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ಇದೊಂದು ದೊಡ್ಡ ಕಾರಣ. ಹುಡುಗಿಯಾದರೆ ಇನ್ನೂ ಬೇಗ: 'ಕಾಲಿಲ್ಲದವಳನ್ನು ಯಾರು ಮದುವೆಯಾಗುತ್ತಾರೆ?' ಹನ್ನೆರಡು ವರ್ಷದ ಮಗುವಿನ ಜೀವದ ಎದುರಿಗೆ ಹತ್ತು ವರ್ಷದ ನಂತರದ ಮದುವೆಯನ್ನು ತೂಕಕ್ಕೆ ಇಡುವ ಈ ಮಾತನ್ನು ಯಾವ ಹಿರಿಯರು ಹೇಳಿದರೂ ನಾವು ಒಪ್ಪುವುದಿಲ್ಲ. ಫೋನಿನಲ್ಲಿ ಒಪ್ಪಿಗೆ ಕೇಳುವುದು ಬಾಪನನ್ನೇ. ಆಗ 'ಮಾಡಿಸಿ' ಎನ್ನುವ ಒಂದು ಮಾತು ಕುವೈತ್‌ನಿಂದ ಹೋಗಬೇಕು. ಕೃತಕ ಕಾಲಿನಲ್ಲಿ ಶಾಲೆಗೆ, ಕಾಲೇಜಿಗೆ, ಕೆಲಸಕ್ಕೆ ಹೋಗುವವರು ನಮ್ಮ ನಾಡಿನಲ್ಲೇ ಬೇಕಾದಷ್ಟು ಜನ ಇದ್ದಾರೆ.

ಎಲ್ಲಿಗೆ ಹೋಗಬೇಕು ಎನ್ನುವ ಪ್ರಶ್ನೆಗೆ ಮೊದಲು ಒಂದು ಎಚ್ಚರಿಕೆ. ಎಕ್ಸ್‌ರೇಯಲ್ಲಿ ಅನುಮಾನ ಬಂದ ಕೂಡಲೇ ಹತ್ತಿರದ ಯಾವುದೋ ಆಸ್ಪತ್ರೆಯಲ್ಲಿ ಗಡ್ಡೆ ಕೊಯ್ದು ನೋಡಲು ಬಿಡಬೇಡಿ. ಮೊದಲು ಎಂಆರ್‌ಐ, ಆಮೇಲೆ ಬಯಾಪ್ಸಿ. ಬಯಾಪ್ಸಿಯನ್ನು ಮುಂದೆ ಆಪರೇಷನ್ ಮಾಡುವ ತಂಡವೇ ಮಾಡಬೇಕು. ಸೂಜಿ ಹೋದ ದಾರಿಯನ್ನೂ ಆಪರೇಷನ್‌ನಲ್ಲಿ ತೆಗೆಯಬೇಕಾಗುತ್ತದೆ. ತಪ್ಪು ಜಾಗದಲ್ಲಿ ಕೊಯ್ದರೆ ಉಳಿಯಬಹುದಾಗಿದ್ದ ಕಾಲು ಹೋಗಬಹುದು. ಎಕ್ಸ್‌ರೇ ಹಿಡಿದುಕೊಂಡು ನೇರ ದೊಡ್ಡ ಕೇಂದ್ರಕ್ಕೆ ಹೋಗಿ.

ದಕ್ಷಿಣ ಕನ್ನಡ, ಉಡುಪಿಯವರಿಗೆ ಮಂಗಳೂರು, ದೇರಳಕಟ್ಟೆ, ಮಣಿಪಾಲದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ವಿಭಾಗಗಳಿವೆ. ಬೆಂಗಳೂರಿನಲ್ಲಿ ಸರಕಾರದ ಕಿದ್ವಾಯಿ ಸಂಸ್ಥೆ ಇದೆ. ಮಂಜೇಶ್ವರ, ಉಪ್ಪಳ, ಕಾಸರಗೋಡಿನವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಹತ್ತಿರ, ಮಂಗಳೂರಿನಿಂದಲೂ ರೈಲಿನಲ್ಲಿ ಎರಡೂವರೆ-ಮೂರು ಗಂಟೆ. ಮುಂಬೈಯ ಟಾಟಾ ಎಲ್ಲರಿಗೂ ಗೊತ್ತು. ಎಲ್ಲರೂ ಮುಂಬೈಗೇ ಹೋಗಬೇಕೆಂದಿಲ್ಲ. ದೇಶದ ಕ್ಯಾನ್ಸರ್ ಆಸ್ಪತ್ರೆಗಳು ಸೇರಿಕೊಂಡ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ 2012ರಿಂದ ಇದೆ, ಅದರ ಜೊತೆ ಕೆಲಸ ಮಾಡುವ ನವ್ಯಾ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ರಿಪೋರ್ಟ್ ಕಳಿಸಿ ತಜ್ಞರ ಅಭಿಪ್ರಾಯ ತರಿಸಬಹುದು. ಕುವೈತ್‌ನಲ್ಲಿ ಕೂತ ಬಾಪ ಮಾಡಬಹುದಾದ ಕೆಲಸ ಇದು. ಆಪರೇಷನ್ ದೊಡ್ಡ ಕೇಂದ್ರದಲ್ಲಿ, ಕೀಮೋ ಊರಿನ ಹತ್ತಿರ ಎಂದು ಹಂಚಿಕೊಳ್ಳಲು ಸಾಧ್ಯವೇ ಎಂದೂ ಕೇಳಿ.

ಕುಟುಂಬ ಇಲ್ಲೇ ಇರುವವರ ಮಾತು ಬೇರೆ. ಅವರು ಕಡಿಮೆ. 2024ರ ಜನವರಿಯಲ್ಲಿ ಫ್ಯಾಮಿಲಿ ವೀಸಾ ಮತ್ತೆ ತೆರೆದಾಗ ತಿಂಗಳ ಸಂಬಳ 800 ದಿನಾರ್ ಇರಬೇಕೆಂದು ಆಯಿತು. ಕೆಲವು ವೃತ್ತಿಗಳಿಗೆ ವಿನಾಯಿತಿ ಬಿಟ್ಟರೆ, ಬಕಾಲದಲ್ಲಿ, ಗ್ಯಾರೇಜಿನಲ್ಲಿ, ಡೆಲಿವರಿ ಬೈಕಿನಲ್ಲಿ ದುಡಿಯುವವರಿಗೆ ಅದು ಆಗುವ ಮಾತಲ್ಲ. ಇಲ್ಲಿ ಮಕ್ಕಳಿರುವವರಿಗೆ ಸಬಾಹ್ ಪ್ರದೇಶದಲ್ಲೇ ಎಲ್ಲವೂ ಇದೆ: ಎಲುಬಿಗೆ ಅಲ್ ರಾಝಿ ಆಸ್ಪತ್ರೆ, ಮಕ್ಕಳ ಕ್ಯಾನ್ಸರಿಗೆ ಎನ್‌ಬಿಕೆ ಹೆಸರಿನ ಮಕ್ಕಳ ಆಸ್ಪತ್ರೆ, ಕುವೈತ್ ಕ್ಯಾನ್ಸರ್ ಕಂಟ್ರೋಲ್ ಸೆಂಟರ್. ನಿಮ್ಮ ಏರಿಯಾದ ಸರಕಾರಿ ಕ್ಲಿನಿಕ್ಕಿನಿಂದ ರೆಫರಲ್ ಪಡೆದು ಹೋಗುವುದು ಕ್ರಮ. ಗುಣವಾಗದ ಹಂತದ ಮಕ್ಕಳ ಆರೈಕೆಗೆ ಬೈತ್ ಅಬ್ದುಲ್ಲಾ ಎಂಬ ಸಂಸ್ಥೆಯೂ ಇಲ್ಲಿದೆ. ಇಲ್ಲಿಯೇ ಮಾಡಿಸುವುದೋ, ಊರಿಗೆ ಕಳಿಸುವುದೋ? ಅಕಾಮ ಕೆಲಸಕ್ಕೆ ಕಟ್ಟಿಕೊಂಡಿದೆ, ಕೆಲಸ ಹೋದರೆ ಮಗುವಿನ ಚಿಕಿತ್ಸೆಯೂ ನಡುವೆ ನಿಲ್ಲುತ್ತದೆ. ಒಂಬತ್ತು ತಿಂಗಳು ಈ ಕೆಲಸ ಗಟ್ಟಿಯೇ ಎನ್ನುವ ಪ್ರಶ್ನೆಗೆ ಸಂಶಯ ಇದ್ದರೆ ಊರಿನಲ್ಲಿ ಶುರು ಮಾಡುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ನಡುವೆ ಆಸ್ಪತ್ರೆ ಬದಲಿಸುವುದರಲ್ಲಿ ವಾರಗಳು ಹೋಗುತ್ತವೆ.

ಇನ್ನು ರಜೆ. ಕುವೈತ್‌ನ ಖಾಸಗಿ ವಲಯದ ಕಾರ್ಮಿಕ ಕಾನೂನು, 2010ರ 6ನೇ ಕಾನೂನು, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ ಕೊಡುತ್ತದೆ. ಮಗುವಿನ ಚಿಕಿತ್ಸೆ 270 ದಿನ. ಸುದ್ದಿ ಕೇಳಿದ ರಾತ್ರಿಯೇ ಟಿಕೆಟ್ ಮಾಡಿ ಓಡುವುದು ಯಾವ ಬಾಪನಾದರೂ ಮಾಡುವ ಕೆಲಸ, ಅದನ್ನು ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ. ಆದರೂ ಹೇಳಬೇಕು. ಮೊದಲ ತಿಂಗಳು ನಡೆಯುವುದು ಸ್ಕ್ಯಾನ್, ಬಯಾಪ್ಸಿ, ರಿಪೋರ್ಟಿಗೆ ಕಾಯುವುದು. ಮನೆಯಲ್ಲಿ ಓಡಾಡಲು ಭಾವನೋ, ಮಾವನೋ ಇದ್ದರೆ ಆ ಕೆಲಸ ನಡೆಯುತ್ತದೆ. ಬಾಪ ಬೇಕೇ ಬೇಕಾಗುವುದು ಆಪರೇಷನ್ ಹೊತ್ತಿಗೆ, ಅಂದರೆ ಸುಮಾರು ಮೂರನೇ ತಿಂಗಳಲ್ಲಿ. ರಜೆಯನ್ನು ಎರಡು ಕಂತು ಮಾಡಲು ಕಂಪೆನಿಯ ಜೊತೆ ಮಾತಾಡಿ, ಮೊದಲ 14 ದಿನದ ಮೇಲಿನ ಭಾಗವನ್ನು ಒಪ್ಪಿಗೆಯ ಮೇಲೆ ವಿಂಗಡಿಸಲು ಕಾನೂನಿನಲ್ಲೇ ಅವಕಾಶವಿದೆ. ಕೆಲಸವನ್ನೇ ಬಿಟ್ಟು ಹೋಗುವ ಯೋಚನೆ ಇದ್ದರೆ, ತಿಂಗಳು ತಿಂಗಳು ಹೋಗುವ ಆ ಸಂಬಳವೇ ಮಗುವಿನ ಕೀಮೋ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಊರಿನ ಸರಕಾರಿ ಯೋಜನೆಯೂ ಗಲ್ಫ್ ಕುಟುಂಬಗಳಿಗೆ ಅರ್ಧವೇ ಸಿಗುವುದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ತಿಂಗಳಿಗೆ 120 ದಿನಾರ್ ದುಡಿಯುವವನ ಮನೆಯನ್ನೂ 'ಫಾರಿನ್‌ನವರ ಮನೆ' ಎಂದು ಎಪಿಎಲ್‌ಗೆ ಹಾಕಿರುತ್ತಾರೆ. ಕಾರ್ಡ್ ಸರಿಮಾಡುವ ಕೆಲಸ ರೋಗ ಬಂದ ಮೇಲೆ ಆಗುವುದಲ್ಲ. ಈ ಸಲದ ರಜೆಯಲ್ಲೇ ನೋಡಿಕೊಳ್ಳಿ.

ಆಸ್ಪತ್ರೆಯ ಬಿಲ್ಲಿನಲ್ಲಿ ಬಾರದ ಖರ್ಚೇ ಹೆಚ್ಚಾಗಿ ಚಿಕಿತ್ಸೆಯನ್ನು ನಿಲ್ಲಿಸುವುದು. ಕೀಮೋ ಆದ ಮೇಲೆ ಮಗುವಿನ ಬಿಳಿ ರಕ್ತಕಣ ಇಳಿಯುತ್ತದೆ. ಆಗ ಜ್ವರ ಬಂದರೆ ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ. ಬೆಳ್ತಂಗಡಿಯ ಒಳಗಿನ ಹಳ್ಳಿಯಿಂದಲೋ, ಸುಳ್ಯದಿಂದಲೋ ರಾತ್ರಿ ಹೊರಡುವುದು ಹೇಗೆ? ಆಸ್ಪತ್ರೆ ಹತ್ತಿರ ಕೋಣೆ ಬೇಕು. ಉಮ್ಮನ ಊಟ ಬೇಕು. ಮನೆಯಲ್ಲಿ ಉಳಿದ ಸಣ್ಣ ಮಕ್ಕಳನ್ನು ನೋಡಲು ಜನ ಬೇಕು. ಮುಂಬೈಯಲ್ಲಿ ಸೇಂಟ್ ಜೂಡ್ ಇಂಡಿಯಾ ಎಂಬ ಸಂಸ್ಥೆ 2006ರಿಂದ ಇಂಥ ಮಕ್ಕಳಿಗೂ ತಂದೆತಾಯಿಗೂ ಪುಕ್ಕಟೆ ಕೋಣೆ ಕೊಡುತ್ತಿದೆ, ಬೇರೆ ನಗರಗಳಿಗೂ ಹಬ್ಬಿದೆ. ದೇರಳಕಟ್ಟೆಯಲ್ಲಿ ನಮ್ಮವರದೇ ಎಷ್ಟು ಕಟ್ಟಡಗಳಿವೆ! ಎರಡು ಕೋಣೆ ಇದಕ್ಕಾಗಿ ಸಿಗುವುದಿಲ್ಲವೇ?

2024ರ ಜೂನ್ 12ರಂದು ಮಂಗಾಫ್‌ನ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯ ಕಾರ್ಮಿಕರು ತೀರಿಕೊಂಡಾಗ ಇಲ್ಲಿಯ ಎಲ್ಲ ಸಂಘಟನೆಗಳು ಒಂದೇ ದಿನದಲ್ಲಿ ಎದ್ದು ನಿಂತವು. ಮಯ್ಯಿತ್ ಕಳಿಸುವುದು, ಆಸ್ಪತ್ರೆಗೆ ಓಡುವುದು, ಕಾಗದಪತ್ರ, ಎಲ್ಲ ನಮ್ಮವರಿಗೆ ಕರಗತ. ಆದರೆ ಈ ರೋಗ ಒಂದು ದಿನದ ದುರಂತ ಅಲ್ಲ. ಇದಕ್ಕೆ ಒಂಬತ್ತು ತಿಂಗಳು, ಪ್ರತಿ ತಿಂಗಳ ಹತ್ತನೇ ತಾರೀಕಿಗೆ ಸಣ್ಣ ಮೊತ್ತ ತಪ್ಪದೆ ಹೋಗಬೇಕು. ವಾಟ್ಸಾಪ್‌ನಲ್ಲಿ ತಲೆ ಬೋಳಾದ ಮಗುವಿನ ಫೋಟೋ, ಕೆಳಗೆ ಅಕೌಂಟ್ ನಂಬರ್, ಎರಡು ದಿನದಲ್ಲಿ ಲಕ್ಷಗಟ್ಟಲೆ ಹಣ, ಆಮೇಲೆ ಮೌನ: ಈ ರೀತಿಯನ್ನು ಬಿಡಬೇಕು ಎಂದು ನಾವು ಹೇಳುತ್ತೇವೆ. ಆ ಮಗು ಗುಣವಾಗಿ ಶಾಲೆಗೆ ಹೋದಾಗಲೂ ಆ ಫೋಟೋ ಫೋನಿನಿಂದ ಫೋನಿಗೆ ಓಡುತ್ತಲೇ ಇರುತ್ತದೆ. ಹೆಸರಿಲ್ಲದೆ, ಫೋಟೋ ಇಲ್ಲದೆ, ಆಸ್ಪತ್ರೆಯ ಕಾಗದ ನೋಡಿ ಸಮಿತಿ ಒಪ್ಪಿ, ಇಪ್ಪತ್ತು ಜನ ತಿಂಗಳಿಗೆ ಐದೈದು ದಿನಾರ್ ಒಂಬತ್ತು ತಿಂಗಳು ಕೊಟ್ಟರೆ ಒಂದು ಕುಟುಂಬದ ಕೋಣೆ, ಊಟ, ಓಡಾಟ ನಡೆಯುತ್ತದೆ. ಝಕಾತ್ ಲೆಕ್ಕ ಹಾಕುವಾಗಲೂ ಇದನ್ನು ನೆನಪಿಡಬಹುದು. ರಕ್ತ, ಪ್ಲೇಟ್‌ಲೆಟ್ ವಿಷಯದಲ್ಲಿ ಊರಿನ ನಮ್ಮ ಯುವಕರ ಗುಂಪುಗಳು ಈಗಲೇ ಚೆನ್ನಾಗಿವೆ, ಅವರಿಗೆ ಮುಂಚಿತವಾಗಿ ತಾರೀಕು ಕೊಟ್ಟರೆ ಸಾಕು.

ಚಿಕಿತ್ಸೆ ಮುಗಿದ ಮೇಲೂ ಕೆಲವು ವಿಷಯ ಬಾಕಿ ಇರುತ್ತವೆ. ಡಾಕ್ಸೋರುಬಿಸಿನ್ ಹೃದಯಕ್ಕೆ, ಸಿಸ್‌ಪ್ಲಾಟಿನ್ ಕಿವಿಗೆ, ಐಫಾಸ್ಫಮೈಡ್ ಕಿಡ್ನಿಗೆ ತೊಂದರೆ ಕೊಡಬಹುದು. ಆದ್ದರಿಂದ ಎದೆಯ ಸ್ಕ್ಯಾನ್, ಎಕೋ, ಕಿವಿಯ ಪರೀಕ್ಷೆ ವರ್ಷಗಟ್ಟಲೆ ನಡೆಯಬೇಕು. ಮುಂದೆ ಮಕ್ಕಳಾಗುವ ವಿಷಯದಲ್ಲಿ ಏನು ಮಾಡಬಹುದೆಂದು ಕೀಮೋ ಶುರುವಾಗುವ ಮೊದಲೇ ಡಾಕ್ಟರ್ ಹತ್ತಿರ ಕೇಳಬೇಕು, ನಾಚಿಕೆಯಲ್ಲಿ ಬಿಟ್ಟುಬಿಡುವ ಪ್ರಶ್ನೆ ಇದು. ಯಾವ ಔಷಧಿ ಎಷ್ಟು ಕೊಟ್ಟರು ಎನ್ನುವ ಡಿಸ್ಚಾರ್ಜ್ ಕಾಗದಗಳ ಫೋಟೋ ಬಾಪನ ಫೋನಿನಲ್ಲೂ ಇರಲಿ. ಮನೆಯ ಫೈಲು ಮಳೆಗಾಲದಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಮಗು ಒಂದು ವರ್ಷ ಶಾಲೆ ತಪ್ಪಿಸಿಕೊಂಡಿರುತ್ತದೆ. ಪುನಃ ಅದೇ ಕ್ಲಾಸಿಗೆ ಸೇರಿಸಿಕೊಳ್ಳುವಂತೆ, ಮೊದಲ ಮಹಡಿಯಲ್ಲಿದ್ದ ಕ್ಲಾಸನ್ನು ಕೆಳಗೆ ತರುವಂತೆ ಹೆಡ್‌ಮಾಸ್ಟರ ಹತ್ತಿರ ಮಾತಾಡಲು ಊರಿನ ಘಟಕದಿಂದ ಇಬ್ಬರು ಹೋಗಬೇಕು. ಉಮ್ಮ ಒಬ್ಬಳೇ ಹೋಗಿ ಕೇಳುವಂತಾಗಬಾರದು.